ರಿವರ್ಸ್ ಹಾಕಿದರೆ ದೋಣಿ ಟ್ರೇಲರಿನ ಬ್ರೇಕ್ ಕಚ್ಚಿಕೊಳ್ಳುತ್ತದೆ: ಎಲ್ಲಿಂದ ಹುಡುಕಲಿ?

ನೀರದಾರಿ

ಎಲ್ಲರಿಗೂ ನಮಸ್ಕಾರ. ಮೂರು ತಿಂಗಳ ಹಿಂದೆ ದೋಣಿಯ ಸಮೇತ ಒಂದು ಹಳೆಯ ಟ್ರೇಲರ್ ಕೊಂಡೆ. ಎರಡು ಅಚ್ಚಿನದು, ಮುಂದಿನ ಅಚ್ಚಿಗೆ ಮಾತ್ರ ಡಿಸ್ಕ್ ಬ್ರೇಕ್ ಇದೆ. ಗಾಡಿಯೊಳಗಿಂದ ಬ್ರೇಕಿಗೆ ಯಾವ ನಿಯಂತ್ರಣವೂ ಇಲ್ಲ. ಟ್ರೇಲರನ್ನು ಗಾಡಿಗೆ ಸಿಗಿಸುವ ಕಪ್ಲರಿನಲ್ಲಿ ಹಿಂದೆ ಮುಂದೆ ಜಾರುವ ಭಾಗವಿದೆ. ನಾನು ವೇಗ ತಗ್ಗಿಸಿದಾಗ ಟ್ರೇಲರ್ ಮುಂದಕ್ಕೆ ನೂಕಿ ತಾನೇ ಬ್ರೇಕ್ ಹಿಡಿಯುತ್ತದೆ.

ಮುಂದಕ್ಕೆ ಓಡಿಸುವಾಗ ಏನೂ ತೊಂದರೆಯಿಲ್ಲ. ದೋಣಿ ಇಳಿಸಲು ನೀರಿನ ಕಡೆಗೆ ಇಳಿಜಾರಿನಲ್ಲಿ ಹಿಂದಕ್ಕೆ ಬಿಡುವಾಗಲೂ ಸಲೀಸಾಗಿ ಹೋಗುತ್ತದೆ. ಆದರೆ ಮನೆಯ ಮುಂದಿನ ಸಣ್ಣ ಏರಿನಲ್ಲಿ ರಿವರ್ಸ್ ತೆಗೆದುಕೊಂಡರೆ ಸಾಕು, ಬ್ರೇಕ್ ಕಚ್ಚಿಕೊಳ್ಳುತ್ತದೆ. ನಿನ್ನೆ ಮುಂದಿನ ಎರಡು ಗಾಲಿಗಳು ತಿರುಗದೆ ಜಲ್ಲಿಯನ್ನು ನೇಗಿಲು ಹೊಡೆದಂತೆ ಸೀಳಿಕೊಂಡು ಹೋದವು. ಇನ್ನಷ್ಟು ಒತ್ತಿದರೆ ಗಾಡಿಯ ಗೇರ್‌ಬಾಕ್ಸ್ ಏನಾಗುತ್ತದೆಯೋ ಎಂದು ಹೆದರಿ ನಿಲ್ಲಿಸಿಬಿಟ್ಟೆ. ಬ್ರೇಕ್ ಎಣ್ಣೆಗೆ ಒತ್ತಡ ಕೊಡುವ ಮಾಸ್ಟರ್ ಸಿಲಿಂಡರ್ ಬದಲಿಸಲು ಒಬ್ಬರು ಹೇಳಿದರು, ಗಾಲಿಯ ಡಿಸ್ಕನ್ನು ಹಿಡಿಯುವ ಕ್ಯಾಲಿಪರ್ ಬದಲಿಸಲು ಇನ್ನೊಬ್ಬರು. ಎರಡನ್ನೂ ಕೊಳ್ಳುವ ಮೊದಲು ನಿಮ್ಮನ್ನು ಕೇಳೋಣ ಎನ್ನಿಸಿತು.

ಹಳೆಗಾಲಿ

ಒಳ್ಳೆಯದಾಯಿತು, ಏನನ್ನೂ ಕೊಳ್ಳಬೇಡಿ. ನಿಮ್ಮ ಬ್ರೇಕ್ ಕೆಟ್ಟಿಲ್ಲದೆಯೂ ಹೀಗಾಗಬಹುದು.

ಕಪ್ಲರಿನ ಒಳಗೆ ಏನು ನಡೆಯುತ್ತದೆ ಎಂದು ನೋಡಿ. ನೀವು ಬ್ರೇಕ್ ಹಾಕುತ್ತೀರಿ, ಟ್ರೇಲರಿನ ಭಾರ ಹಿಂದಿನಿಂದ ನೂಕುತ್ತದೆ, ಜಾರುವ ಭಾಗ ಒಳಕ್ಕೆ ಸರಿದು ಮಾಸ್ಟರ್ ಸಿಲಿಂಡರಿನ ಕಡ್ಡಿಯನ್ನು ಒತ್ತುತ್ತದೆ, ಎಣ್ಣೆಯ ಒತ್ತಡ ಗಾಲಿಗೆ ಹೋಗುತ್ತದೆ. ಈಗ ರಿವರ್ಸ್ ಹಾಕಿ. ಗಾಡಿಯೇ ಕಪ್ಲರನ್ನು ಹಿಂದಕ್ಕೆ ನೂಕುತ್ತದೆ, ಅದೇ ಭಾಗ ಅಷ್ಟೇ ಒಳಕ್ಕೆ ಸರಿಯುತ್ತದೆ. ಇದು ನಿಲ್ಲಿಸುವ ನೂಕೋ ಹಿಂದಕ್ಕೆ ಹೋಗುವ ನೂಕೋ ಎಂದು ತಿಳಿಯುವ ಉಪಾಯ ಸಿಲಿಂಡರಿಗೆ ಇಲ್ಲ. ಇಳಿಜಾರಿನಲ್ಲಿ ನೀರಿನ ಕಡೆ ಹೋಗುವಾಗ ಟ್ರೇಲರ್ ತನ್ನ ಭಾರದಿಂದಲೇ ಗಾಡಿಯಿಂದ ದೂರ ಎಳೆಯುತ್ತದೆ. ಕಪ್ಲರ್ ಒತ್ತಿಕೊಳ್ಳುವುದಿಲ್ಲ, ಆದ್ದರಿಂದ ಅಲ್ಲಿ ತೊಂದರೆ ಕಾಣಲಿಲ್ಲ. ಏರಿನಲ್ಲಿ, ಜಲ್ಲಿಯಲ್ಲಿ ನೂಕಬೇಕಾದ ಬಲ ಹೆಚ್ಚು, ಆದ್ದರಿಂದ ಅಲ್ಲಿ ಕಚ್ಚಿತು. ನೀವು ಬರೆದ ಲಕ್ಷಣ ಈ ಲೆಕ್ಕಕ್ಕೆ ಸರಿಯಾಗಿ ಹೊಂದುತ್ತದೆ.

ಹಾಗಾದರೆ 'ಈಗ ರಿವರ್ಸ್, ಹಿಡಿಯಬೇಡ' ಎಂದು ಹೇಳುವ ವ್ಯವಸ್ಥೆ ಏನಾದರೂ ಇರಲೇಬೇಕು. ಡ್ರಮ್ ಬ್ರೇಕ್ ಆದರೆ ಆ ಬುದ್ಧಿ ಡ್ರಮ್ಮಿನೊಳಗೇ ಇರುತ್ತದೆ. ಡಿಸ್ಕ್ ಯಾವ ಕಡೆಗೆ ತಿರುಗಿದರೂ ಒಂದೇ ರೀತಿ ಹಿಡಿಯುವುದರಿಂದ ಅದಕ್ಕೆ ಕಪ್ಲರಿನ ಬಳಿ ವಿದ್ಯುತ್ತಿನಿಂದ ಕೆಲಸ ಮಾಡುವ ಒಂದು ಸೊಲೆನಾಯ್ಡ್ ವಾಲ್ವ್ ಇಟ್ಟಿರುತ್ತಾರೆ. ರಿವರ್ಸ್ ದೀಪದ ವಿದ್ಯುತ್ತೇ ಅದಕ್ಕೂ ಹೋಗುತ್ತದೆ, ವಾಲ್ವ್ ಮುಚ್ಚಿಕೊಂಡು ಎಣ್ಣೆ ಗಾಲಿಯ ಕಡೆ ಹೋಗದಂತೆ ತಡೆಯುತ್ತದೆ. ಅದಿಲ್ಲದ ಕೆಲವು ಕಪ್ಲರುಗಳಲ್ಲಿ ಜಾರುವ ಭಾಗವನ್ನು ತಡೆಯಲು ಕೈಯಿಂದ ಸಿಗಿಸುವ ಪಿನ್ ಇರುತ್ತದೆ.

ಮೂರು ವಿಷಯ ನೋಡಿ ಹೇಳಿ. ಮಾಸ್ಟರ್ ಸಿಲಿಂಡರಿನ ಎಣ್ಣೆ ಹೊರಡುವ ಕಡೆ ಎರಡು ತಂತಿ ಬಂದಿರುವ ದಪ್ಪ ಸಿಲಿಂಡರಿನಂತಹ ಭಾಗ ಇದೆಯೇ? ಟ್ರೇಲರಿನ ಪ್ಲಗ್‌ನಲ್ಲಿ ಎಷ್ಟು ತಂತಿಗಳಿವೆ? ಕಪ್ಲರಿನ ಪಕ್ಕದ ತುರ್ತು ಕೇಬಲ್ ಎಳೆದುಕೊಂಡಿದೆಯೇ?

ಮೂರನೆಯದನ್ನು ಎಲ್ಲಕ್ಕಿಂತ ಮೊದಲು ನೋಡಿ. ಟ್ರೇಲರ್ ಗಾಡಿಯಿಂದ ಕಳಚಿಕೊಂಡರೆ ಬ್ರೇಕ್ ತಾನೇ ಹಿಡಿಯಲಿ ಎಂದು ಆ ಕೇಬಲ್ ಇಟ್ಟಿರುತ್ತಾರೆ. ಅದು ಗಿಡ್ಡವಾಗಿದ್ದರೆ ತೀರಾ ತಿರುವಿನಲ್ಲಿ ರಿವರ್ಸ್ ಮಾಡುವಾಗ ಬಿಗಿದು, ಒಳಗಿನ ಸನ್ನೆಯನ್ನು (ಲಿವರ್) ಒಂದು ಹಲ್ಲು ಮುಂದಕ್ಕೆ ಎಳೆದುಬಿಡುತ್ತದೆ. ಆ ಸನ್ನೆ ತಾನಾಗಿ ವಾಪಸು ಬರುವುದಿಲ್ಲ, ಸ್ಕ್ರೂಡ್ರೈವರಿನಿಂದ ಕ್ಲಿಪ್ ಎತ್ತಿ ಬಿಡಿಸಬೇಕು. ಇಡೀ ಬ್ರೇಕ್ ಬಿಚ್ಚಿ ಜೋಡಿಸಿದ ಮೇಲೆ ಈ ಒಂದು ಹಲ್ಲನ್ನು ಕಂಡವರನ್ನು ನಾನು ಬಲ್ಲೆ.

ಎರಡಚ್ಚು

ನನ್ನದೂ ಇದೇ ಗೋಳು, ಆದರೆ ಡ್ರಮ್. ಎರಡು ವರ್ಷ ಚೆನ್ನಾಗಿಯೇ ಹಿಂದಕ್ಕೆ ಹೋಗುತ್ತಿತ್ತು. ಡ್ರಮ್ಮಿಗೆ ಒತ್ತಿ ಹಿಡಿಯುವ ಶೂಗಳು ಸವೆದಿದ್ದವೆಂದು ಎರಡೂ ಕಡೆ ಪ್ಲೇಟ್ ಸಮೇತ ಹೊಸ ಜೋಡಣೆ ಹಾಕಿದೆ. ಅಂದಿನಿಂದ ರಿವರ್ಸ್ ಹಾಕಿದರೆ ಕಲ್ಲಿನಂತೆ ನಿಂತುಬಿಡುತ್ತದೆ. ಮುಂದಕ್ಕೆ ಹೋಗುವಾಗ ಮೊದಲಿಗಿಂತ ಬ್ರೇಕ್ ಕಡಿಮೆ ಎನ್ನಿಸುತ್ತದೆ. ಸೊಲೆನಾಯ್ಡ್ ಇಲ್ಲವೇ ಇಲ್ಲ. ನಾನೂ ಒಂದನ್ನು ಹಾಕಿಸಬೇಕೇ?

ಹಳೆಗಾಲಿ

ಎರಡಚ್ಚು ಅವರೇ, ಬೇಡ. 'ಮುಂದಕ್ಕೆ ಕಡಿಮೆ, ಹಿಂದಕ್ಕೆ ಬಿಗಿ' ಎಂದಿರಲ್ಲ, ಎಡಬಲ ಅದಲುಬದಲಾಗಿದೆ ಎಂಬುದು ನನ್ನ ಬಲವಾದ ಅನುಮಾನ. ರಿವರ್ಸಿನಲ್ಲಿ ಬಿಟ್ಟುಕೊಡುವ ಡ್ರಮ್ ಜೋಡಣೆಯಲ್ಲಿ ಗಾಲಿ ಮುಂದಕ್ಕೆ ತಿರುಗಿದಾಗ ಡ್ರಮ್ ಶೂವನ್ನು ತನ್ನ ಕಡೆಗೆ ಎಳೆದುಕೊಂಡು ಹಿಡಿತವನ್ನು ಹೆಚ್ಚಿಸುತ್ತದೆ. ಹಿಂದಕ್ಕೆ ತಿರುಗಿದಾಗ ಅದೇ ಶೂವನ್ನು ದೂರ ಸರಿಸುತ್ತದೆ. ಎಡದ ಪ್ಲೇಟ್ ಬಲಕ್ಕೆ ಹೋದರೆ ಈ ಕೆಲಸ ಪೂರ್ತಿ ತಿರುವುಮುರುವಾಗುತ್ತದೆ. ಗಾಲಿ ಬಿಚ್ಚಿ ಶೂಗಳನ್ನು ನೋಡಿ. ಒಂದರ ಲೈನಿಂಗ್ (ಉಜ್ಜುವ ಪದರ) ಗಿಡ್ಡ, ಇನ್ನೊಂದರದು ಉದ್ದ ಇದ್ದರೆ ಗಿಡ್ಡದು ಟ್ರೇಲರಿನ ಮುಂಭಾಗದ ಕಡೆ ಇರಬೇಕು. ಪ್ಲೇಟಿನ ಹಿಂದೆ ಎಡ, ಬಲ ಎಂಬ ಗುರುತೂ ಇರಬಹುದು. ನಿಮ್ಮ ತಯಾರಕರ ಕೈಪಿಡಿಯ ಚಿತ್ರದೊಡನೆ ಹೋಲಿಸಿ.

ಸರಳಮಾರ್ಗ

ಇಷ್ಟೆಲ್ಲ ಏಕೆ? ನಾನು ಕಪ್ಲರಿನ ಬಳಿಯೇ ಬ್ರೇಕ್ ಪೈಪ್ ಬಿಚ್ಚಿ ಬಾಯಿಗೆ ಬೋಲ್ಟ್ ಹಾಕಿ ಮುಚ್ಚಿದ್ದೇನೆ. ಎರಡು ವರ್ಷವಾಯಿತು, ರಿವರ್ಸ್ ಸಮಸ್ಯೆ ಇಲ್ಲ. ಗಾಡಿಯ ಬ್ರೇಕೇ ಸಾಕಾಗುತ್ತದೆ.

ಕಡಲಂಚು

ಸರಳಮಾರ್ಗ ಅವರೇ, ದಯವಿಟ್ಟು ಇದನ್ನು ಇಲ್ಲಿ ಉಪಾಯವೆಂದು ಹೇಳಬೇಡಿ. ಖಾಲಿ ರಸ್ತೆಯಲ್ಲಿ ನಿಧಾನವಾಗಿ ನಿಲ್ಲಿಸುವಾಗ ಸಾಕಾಗುತ್ತದೆ ಎನ್ನಿಸುವುದು ನಿಜ. ಇಳಿಜಾರಿನ ತಿರುವಿನಲ್ಲಿ ಎದುರಿಗೆ ಏನಾದರೂ ಅಡ್ಡ ಬಂದು ಒಮ್ಮೆಗೇ ಬ್ರೇಕ್ ತುಳಿದಾಗ, ದೋಣಿ, ಎಂಜಿನ್, ತುಂಬಿದ ಇಂಧನ ಎಲ್ಲದರ ಭಾರ ಕೊಂಡಿಯ ಒಂದೇ ಬಿಂದುವಿನಲ್ಲಿ ಗಾಡಿಯ ಹಿಂಭಾಗವನ್ನು ಪಕ್ಕಕ್ಕೆ ನೂಕುತ್ತದೆ. ಗಾಡಿ ಮತ್ತು ಟ್ರೇಲರ್ ಕತ್ತರಿಯಂತೆ ಮಡಚಿಕೊಳ್ಳುವುದನ್ನು ನಾನು ಕಣ್ಣಾರೆ ನೋಡಿದ್ದೇನೆ. ಯಾರಿಗೂ ಪೆಟ್ಟಾಗಲಿಲ್ಲ ಎಂಬುದಷ್ಟೇ ಸಮಾಧಾನ. ತಯಾರಕರು ಬ್ರೇಕ್ ಕೊಟ್ಟ ಟ್ರೇಲರಿಗೆ ಆ ಬ್ರೇಕ್ ಬೇಕೇ ಬೇಕು. ನಿಮ್ಮ ಪೈಪನ್ನು ಮತ್ತೆ ಜೋಡಿಸಿ, ಗಾಳಿ ತೆಗೆಯಿಸಿ. ಎರಡು ವರ್ಷ ನಿಂತ ಕ್ಯಾಲಿಪರ್ ಅಷ್ಟರಲ್ಲಿ ತುಕ್ಕು ಹಿಡಿದಿರುತ್ತದೆ, ಅದನ್ನೂ ಬಿಚ್ಚಿ ನೋಡಬೇಕಾದೀತು.

ನೀರದಾರಿ

ಹಳೆಗಾಲಿ ಸರ್, ನೋಡಿ ಬಂದೆ. ಕೇಬಲ್ ಸಡಿಲವಾಗಿಯೇ ಇದೆ, ಸನ್ನೆ ತನ್ನ ಜಾಗದಲ್ಲಿದೆ. ಸೊಲೆನಾಯ್ಡ್ ಇದೆ, ಮೇಲೆಲ್ಲ ಮಣ್ಣು ಮೆತ್ತಿಕೊಂಡಿತ್ತು, ಒರೆಸಿದ ಮೇಲೆ ಗೊತ್ತಾಯಿತು. ಟ್ರೇಲರಿನ ಪ್ಲಗ್ ಐದು ತಂತಿಯ ಚಪ್ಪಟೆಯದು, ಐದನೆಯದು ನೀಲಿ. ಗಾಡಿಯಲ್ಲಿ ಏಳು ಪಿನ್ನಿನ ದುಂಡು ಸಾಕೆಟ್ ಇದೆ, ನಡುವೆ ಅಡಾಪ್ಟರ್ ಹಾಕಿದ್ದೇನೆ. ರಿವರ್ಸ್ ಹಾಕಿಸಿ ಸೊಲೆನಾಯ್ಡ್ ಪಕ್ಕ ಕಿವಿಯಿಟ್ಟು ಕೇಳಿದೆ. ಏನೂ ಸದ್ದಿಲ್ಲ.

ತಂತಿಕೆಲಸ

ಇಲ್ಲಿಂದ ನಾನು ಹೇಳುತ್ತೇನೆ, ಇದು ನನ್ನ ದಿನನಿತ್ಯದ ಕೆಲಸ.

ಮೊದಲು ಅಡಾಪ್ಟರ್. ಮಾರುಕಟ್ಟೆಯಲ್ಲಿ ಹೆಚ್ಚಾಗಿ ಸಿಗುವುದು ನಾಲ್ಕು ತಂತಿಯದು. ಅದರಲ್ಲಿ ಹಿಂಬದಿ ದೀಪ, ಎಡ ಸೂಚಕ, ಬಲ ಸೂಚಕ, ಅರ್ಥ್ ಇಷ್ಟೇ ಇರುತ್ತವೆ, ರಿವರ್ಸಿನ ತಂತಿಯೇ ಇರುವುದಿಲ್ಲ. ಐದು ತಂತಿಯ ಟ್ರೇಲರ್ ಪ್ಲಗ್ ಅದಕ್ಕೂ ಸಿಕ್ಕಿಕೊಳ್ಳುತ್ತದೆ, ನೀಲಿ ತಂತಿ ಮಾತ್ರ ಗಾಳಿಯಲ್ಲಿ ನಿಲ್ಲುತ್ತದೆ. ದೀಪಗಳೆಲ್ಲ ಉರಿಯುವುದರಿಂದ ಯಾರಿಗೂ ಅನುಮಾನ ಬರುವುದಿಲ್ಲ. ನಿಮ್ಮ ಅಡಾಪ್ಟರಿನಲ್ಲಿ ಐದನೆಯ ತೂತು ಇದೆಯೇ ನೋಡಿ.

ಇದ್ದರೆ ಮಲ್ಟಿಮೀಟರ್ ತೆಗೆದುಕೊಳ್ಳಿ. ಗಾಲಿಗಳಿಗೆ ಅಡ್ಡಗಟ್ಟೆ ಇಟ್ಟು, ಎಂಜಿನ್ ಆಫ್ ಮಾಡಿ, ಕೈಬ್ರೇಕ್ ಹಾಕಿ, ಕೀಲಿ ಮಾತ್ರ ಆನ್ ಮಾಡಿ ರಿವರ್ಸಿಗೆ ಹಾಕಿ. ಚಲಿಸಬಲ್ಲ ಗಾಡಿ ಮತ್ತು ಟ್ರೇಲರಿನ ನಡುವೆ ಯಾರೂ ನಿಲ್ಲಬಾರದು. ಅಳತೆಯನ್ನು ಎರಡು ಬಾರಿ ತೆಗೆದುಕೊಳ್ಳಿ: ಒಮ್ಮೆ ಸೊಲೆನಾಯ್ಡ್ ತಂತಿ ಬಿಚ್ಚಿ, ಇನ್ನೊಮ್ಮೆ ಜೋಡಿಸಿಯೇ ಸೊಲೆನಾಯ್ಡಿನ ಎರಡು ತುದಿಗಳ ನಡುವೆ. ತಂತಿ ಬಿಚ್ಚಿದಾಗ 12 ವೋಲ್ಟ್ ಕಾಣಿಸಿದರೆ ಖುಷಿಪಡಬೇಡಿ. ಒಂದೇ ಎಳೆ ತಾಮ್ರ ಉಳಿದಿರುವ ತಂತಿಯಲ್ಲೂ ಮೀಟರ್ 12 ತೋರಿಸುತ್ತದೆ, ಏಕೆಂದರೆ ಮೀಟರ್ ಎಳೆಯುವ ವಿದ್ಯುತ್ತು ಇಲ್ಲವೆನ್ನುವಷ್ಟು ಕಡಿಮೆ. ಸೊಲೆನಾಯ್ಡ್ ಜೋಡಿಸಿ ಅದು ತನ್ನ ಪಾಲಿನ ವಿದ್ಯುತ್ತನ್ನು ಎಳೆಯುವಾಗ ಎಷ್ಟು ಉಳಿಯುತ್ತದೆ ಎಂಬುದೇ ನಿಜವಾದ ಅಳತೆ.

ಇನ್ನೊಂದು ಪರೀಕ್ಷೆಗೆ ಉಪಕರಣವೂ ಬೇಡ. ವಿದ್ಯುತ್ ಬಂದಾಗ ಸೊಲೆನಾಯ್ಡ್ ಅಯಸ್ಕಾಂತವಾಗುತ್ತದೆ. ಉಕ್ಕಿನ ಸ್ಕ್ರೂಡ್ರೈವರಿನ ತುದಿಯನ್ನು ಅದಕ್ಕೆ ತಾಗಿಸಿದರೆ ಎಳೆತ ಕೈಗೆ ತಿಳಿಯಬೇಕು.

ನೀರದಾರಿ

ಅಡಾಪ್ಟರಿನಲ್ಲಿ ಐದನೆಯದು ಇದೆ. ಸೊಲೆನಾಯ್ಡ್ ಬಿಚ್ಚಿ ಅಳೆದಾಗ 12.5 ವೋಲ್ಟ್. ಜೋಡಿಸಿ ಅಳೆದಾಗ 6.8! ಸ್ಕ್ರೂಡ್ರೈವರಿಗೆ ಎಳೆತವೇ ಇಲ್ಲ.

ತಂತಿಕೆಲಸ

ಸಿಕ್ಕಿತು. ಸುಮಾರು ಅರ್ಧ ವೋಲ್ಟೇಜ್ ದಾರಿಯಲ್ಲೇ ಕಳೆದುಹೋಗುತ್ತಿದೆ. ಅದು ಹೋಗುವ ದಾರಿಯಲ್ಲೋ ಬರುವ ದಾರಿಯಲ್ಲೋ ತಿಳಿಯಬೇಕು. ಸೊಲೆನಾಯ್ಡ್ ಜೋಡಿಸಿಯೇ ಇಟ್ಟು, ಮೀಟರಿನ ಒಂದು ಮೊನೆಯನ್ನು ಸೊಲೆನಾಯ್ಡಿನ ಅರ್ಥ್ ತಂತಿಗೂ ಇನ್ನೊಂದನ್ನು ಗಾಡಿಯ ಬ್ಯಾಟರಿಯ ಋಣ ತುದಿಗೂ ಇಡಿ, ಉದ್ದದ ತಂತಿ ಬೇಕಾಗುತ್ತದೆ. ಅಲ್ಲಿ ಸೊನ್ನೆಯ ಹತ್ತಿರ ಇರಬೇಕು. ನಾಲ್ಕೈದು ವೋಲ್ಟ್ ಕಂಡರೆ ಅರ್ಥ್ ಹಾಳು.

ದೋಣಿ ಟ್ರೇಲರುಗಳಲ್ಲಿ ಇದು ತೀರಾ ಸಾಮಾನ್ಯ. ಅರ್ಥ್ ತಂತಿಯನ್ನು ಚೌಕಟ್ಟಿಗೆ ಒಂದು ಸ್ಕ್ರೂ ಹಾಕಿ ಬಿಗಿದಿರುತ್ತಾರೆ, ಅದು ನೀರಿನಲ್ಲಿ ಮುಳುಗೆದ್ದು ಹಸಿರು ಪುಡಿಯಾಗುತ್ತದೆ. ಆಗ ವಿದ್ಯುತ್ತು ಕೊಂಡಿಯ ಗುಂಡಿನ ಮೂಲಕ, ಗ್ರೀಸಿನ ಮೂಲಕ ದಾರಿ ಹುಡುಕುತ್ತದೆ. ಕಡಿಮೆ ವಿದ್ಯುತ್ತಿನ ಎಲ್‌ಇಡಿ ದೀಪಕ್ಕೆ ಅಷ್ಟು ಸಾಕು, ಸೊಲೆನಾಯ್ಡಿಗೆ ಸಾಲದು.

ನೀರದಾರಿ

ಅಲ್ಲಿ 5.3 ವೋಲ್ಟ್ ಬಂತು. ಅರ್ಥ್ ಸ್ಕ್ರೂ ಹುಡುಕಿದೆ. ಪ್ಲಗ್ಗಿನಿಂದ ಒಂದು ಅಡಿ ಹಿಂದೆ, ಚೌಕಟ್ಟಿನ ಒಳಬದಿಯಲ್ಲಿ ಇತ್ತು. ಸ್ಪಾನರ್ ಹಾಕಿದ ಕೂಡಲೇ ಸ್ಕ್ರೂವಿನ ತಲೆ ಮುರಿದು ಕೈಗೆ ಬಂತು. ತಂತಿಯ ತುದಿಯ ಉಂಗುರವನ್ನು ಹಿಡಿದರೆ ಬೆರಳಿಗೆ ಹಸಿರು ಪುಡಿ ಅಂಟಿತು. ಒಳಗಿನ ತಾಮ್ರ ಒಂದು ಅಂಗುಲದವರೆಗೆ ಕಪ್ಪಾಗಿತ್ತು.

ತಂತಿಯನ್ನು ಹೊಳೆಯುವ ತಾಮ್ರ ಸಿಗುವ ತನಕ ಕತ್ತರಿಸಿ, ಹೊಸ ಉಂಗುರ ಹಾಕಿ, ಚೌಕಟ್ಟನ್ನು ಉಜ್ಜಿ ಬೋಲ್ಟಿನಿಂದ ಬಿಗಿದು ಮೇಲೆ ಗ್ರೀಸ್ ಬಳಿದೆ. ಸೊಲೆನಾಯ್ಡಿನ ಅರ್ಥ್ ತಂತಿಯನ್ನು ಚೌಕಟ್ಟಿಗೆ ಬಿಡದೆ ನೇರವಾಗಿ ಪ್ಲಗ್ಗಿನ ಬಿಳಿ ತಂತಿಗೇ ಜೋಡಿಸಿದೆ. ಈಗ ಜೋಡಿಸಿ ಅಳೆದರೂ 12.1. ರಿವರ್ಸ್ ಹಾಕಿದ ಕೂಡಲೇ 'ಟಕ್' ಎಂಬ ಸದ್ದು ಕೇಳಿಸುತ್ತದೆ. ಆ ಸದ್ದು ಕೇಳಿ ಆದ ಸಂತೋಷ ಹೇಳತೀರದು. ನಿಮಗಿಬ್ಬರಿಗೂ ತುಂಬು ಧನ್ಯವಾದ. ನಾಳೆ ಏರಿನಲ್ಲಿ ಓಡಿಸಿ ನೋಡುತ್ತೇನೆ.

ನೀರದಾರಿ (ಮರುದಿನ)

ಕೆಲವೊಮ್ಮೆ ಸಲೀಸಾಗಿ ಹೋಗುತ್ತದೆ, ಕೆಲವೊಮ್ಮೆ ಮೊದಲಿನಂತೆಯೇ ಕಚ್ಚುತ್ತದೆ. 'ಟಕ್' ಸದ್ದು ಪ್ರತಿ ಸಲವೂ ಬರುತ್ತಿದೆ. ಈಗ ನಿಜವಾಗಿಯೂ ತಲೆ ಓಡುತ್ತಿಲ್ಲ.

ಹಳೆಗಾಲಿ

ಕಚ್ಚಿದ ಸಲ ರಿವರ್ಸ್ ಹಾಕುವ ಮೊದಲು ಏನು ಮಾಡಿದಿರಿ? ಮುಂದಕ್ಕೆ ಬಂದು ಬ್ರೇಕ್ ತುಳಿದು ನಿಂತು, ಹಾಗೆಯೇ ರಿವರ್ಸ್ ಹಾಕಿದಿರಾ?

ನೀರದಾರಿ

ಹೌದು, ಗೇಟ್ ದಾಟಿ ಇಳಿಜಾರಿನಲ್ಲಿ ಮುಂದಕ್ಕೆ ಬಂದು ನಿಂತು, ಅಲ್ಲಿಂದಲೇ ರಿವರ್ಸ್.

ಹಳೆಗಾಲಿ

ಅದೇ ಕಾರಣ. ಇಳಿಜಾರಿನಲ್ಲಿ ನಿಂತಾಗ ಟ್ರೇಲರ್ ಗಾಡಿಯ ಮೇಲೆ ಒರಗಿ ಕಪ್ಲರ್ ಒತ್ತಿಕೊಂಡಿರುತ್ತದೆ, ಗಾಲಿಗೆ ಒತ್ತಡ ಆಗಲೇ ಹೋಗಿದೆ. ಆ ಹೊತ್ತಿನಲ್ಲಿ ನೀವು ರಿವರ್ಸ್ ಹಾಕಿದರೆ ವಾಲ್ವ್ ಮುಚ್ಚಿಕೊಳ್ಳುತ್ತದೆ, ಆದರೆ ಬಾಗಿಲು ಹಾಕಿದ್ದು ಕಳ್ಳ ಒಳಗೆ ಬಂದ ಮೇಲೆ. ಒತ್ತಡ ಗಾಲಿಯ ಕಡೆಯೇ ಸಿಕ್ಕಿಬೀಳುತ್ತದೆ, ರಿವರ್ಸಿನಲ್ಲಿ ಇರುವಷ್ಟು ಹೊತ್ತೂ ಬಿಡುವುದಿಲ್ಲ.

ಅಂತಹ ಜಾಗದಲ್ಲಿ ನಿಂತ ಮೇಲೆ ಮುಂದಿನ ಗೇರಿನಲ್ಲೇ ಅರ್ಧ ಅಡಿ ಎಳೆಯಿರಿ, ಕಪ್ಲರ್ ಚಾಚಿಕೊಳ್ಳಲಿ, ಎಣ್ಣೆ ಸಿಲಿಂಡರಿಗೆ ವಾಪಸು ಬರಲಿ. ಆಮೇಲೆ ರಿವರ್ಸ್ ಹಾಕಿ 'ಟಕ್' ಕೇಳಿಸಿಕೊಂಡು ನಿಧಾನವಾಗಿ ನೂಕಿ. ಇದು ರಿಪೇರಿಯ ಮಾತಲ್ಲ, ಓಡಿಸುವ ರೂಢಿಯ ಮಾತು. ಜೊತೆಗೆ ಬೇರೆಯವರು ಓಡಿಸುವುದಾದರೆ ಅವರಿಗೂ ಹೇಳಿಕೊಡಿ.

ಕೊಂಡಿಕೇಬಲ್

ನಡುವೆ ಒಂದು ಮಾತು. ಎಣ್ಣೆಯ ಬದಲು ಕಡ್ಡಿ ಮತ್ತು ಉಕ್ಕಿನ ಕೇಬಲ್ ಎಳೆಯುವ ಟ್ರೇಲರ್ ನನ್ನದು. ಅದರ ಡ್ರಮ್ಮಿನಲ್ಲಿ ಹಿಂದಕ್ಕೆ ತಿರುಗಿದಾಗ ಒಂದು ಶೂ ಮಡಚಿ ಒಳಕ್ಕೆ ಬೀಳುವ ಏರ್ಪಾಡು ಇದೆ. ಬ್ರೇಕ್ ಸಾಲದು ಎಂದು ಕೇಬಲ್ಲಿನ ನಟ್ ಬಿಗಿಮಾಡುತ್ತ ಹೋದೆ, ಕೊನೆಗೆ ಶೂ ಮಡಚಲು ಜಾಗವೇ ಉಳಿಯದೆ ರಿವರ್ಸಿನಲ್ಲಿ ಕಚ್ಚತೊಡಗಿತು. ಕೇಬಲ್ ಪೂರ್ತಿ ಸಡಿಲಿಸಿ, ಗಾಲಿಯನ್ನು ಮುಂದಿನ ದಿಕ್ಕಿಗೆ ಮಾತ್ರ ತಿರುಗಿಸುತ್ತ ಮೊದಲು ಶೂಗಳನ್ನು ಹೊಂದಿಸಿ, ಕೊನೆಯಲ್ಲಿ ಕೇಬಲ್ಲಿನ ಸಡಿಲು ತೆಗೆದಾಗ ಸರಿಹೋಯಿತು. ಹಿಂದಕ್ಕೆ ತಿರುಗಿಸಿ ಹೊಂದಿಸಿದರೆ ಶೂ ಮಡಚಿಕೊಂಡು ಅಳತೆ ತಪ್ಪುತ್ತದೆ.

ನೀರದಾರಿ

ಅರ್ಧ ಅಡಿ ಮುಂದಕ್ಕೆ ಎಳೆಯುವ ಉಪಾಯದಿಂದ ಹತ್ತು ಸಲದಲ್ಲಿ ಹತ್ತೂ ಸಲ ಹಿಂದಕ್ಕೆ ಹೋಯಿತು. ಆದರೆ ಇನ್ನೊಂದು ವಿಷಯ ಕಂಡಿದೆ. ಇವತ್ತು ಅರ್ಧ ಗಂಟೆ ಓಡಿಸಿ ನಿಲ್ಲಿಸಿದಾಗ ಎಡಗಡೆ ಗಾಲಿಯ ಬಳಿ ಸುಟ್ಟ ವಾಸನೆ. ಬಲಗಡೆಯ ಹಬ್ ಬೆಚ್ಚಗಿತ್ತು, ಎಡಗಡೆಯದರ ಹತ್ತಿರ ಕೈ ಒಯ್ಯಲಾಗಲಿಲ್ಲ.

ಕಡಲಂಚು

ಇದನ್ನು ಬಗೆಹರಿಸುವ ತನಕ ದೂರ ಓಡಿಸಬೇಡಿ. ಆ ಬಿಸಿಗೆ ಬೇರಿಂಗಿನ ಗ್ರೀಸ್ ಕರಗಿ ಹರಿದರೆ ಗಾಲಿಯೇ ಕಳಚಿ ಹೋಗಬಹುದು.

ಎರಡೂ ಕಡೆ ಸಮನಾಗಿ ಬಿಸಿಯಾಗಿದ್ದರೆ ಕಪ್ಲರಿನ ಕಡೆ ಹುಡುಕುತ್ತಿದ್ದೆ. ಜಾರುವ ಭಾಗ ತುಕ್ಕಿನಿಂದ ವಾಪಸು ಬಾರದಿರುವುದು, ಮಾಸ್ಟರ್ ಸಿಲಿಂಡರಿನಲ್ಲಿ ಎಣ್ಣೆ ಹಿಂದಿರುಗುವ ಸೂಜಿಮೊನೆಯಷ್ಟರ ತೂತು ಕಟ್ಟಿಕೊಳ್ಳುವುದು, ಅಥವಾ ಡ್ರಮ್ಮಿಗೆಂದು ಇಟ್ಟಿದ್ದ ಒತ್ತಡ ಉಳಿಸುವ ವಾಲ್ವ್ ಡಿಸ್ಕಿಗೆ ಬದಲಿಸಿದ ಮೇಲೂ ಹಾಗೆಯೇ ಉಳಿದಿರುವುದು. ಈ ಕೊನೆಯದು ನನಗೇ ಆಗಿತ್ತು. ಡ್ರಮ್ಮಿನಲ್ಲಿ ಶೂಗಳನ್ನು ವಾಪಸು ಎಳೆಯುವ ಸ್ಪ್ರಿಂಗ್ ಇರುವುದರಿಂದ ಆ ಸ್ವಲ್ಪ ಒತ್ತಡ ತೊಂದರೆ ಕೊಡುವುದಿಲ್ಲ. ಡಿಸ್ಕಿನಲ್ಲಿ ಅಂತಹ ಸ್ಪ್ರಿಂಗ್ ಇಲ್ಲ, ಪ್ಯಾಡ್ ಸದಾ ಉಜ್ಜುತ್ತಲೇ ಇರುತ್ತದೆ.

ನಿಮ್ಮದು ಒಂದೇ ಕಡೆ. ಹಾಗಾಗಿ ಎಡಗಡೆಯ ಕ್ಯಾಲಿಪರಿಗೆ ಎಣ್ಣೆ ಒಯ್ಯುವ ರಬ್ಬರ್ ಹೋಸ್ ಅಥವಾ ಕ್ಯಾಲಿಪರ್. ಎರಡರಲ್ಲಿ ಯಾವುದು ಎಂದು ತಿಳಿಯಲು ಐದು ನಿಮಿಷ ಸಾಕು. ತಣ್ಣಗಾದ ಮೇಲೆ ಗಾಡಿಗೆ ಜೋಡಿಸಿದಂತೆಯೇ ಇಟ್ಟು, ಉಳಿದ ಗಾಲಿಗಳಿಗೆ ಅಡ್ಡಗಟ್ಟೆ ಕೊಟ್ಟು, ಎಡಗಾಲಿಯನ್ನು ಜಾಕಿನಿಂದ ಎತ್ತಿ ಕೆಳಗೆ ಗಟ್ಟಿ ಸ್ಟ್ಯಾಂಡ್ ಇಡಿ. ಜಾಕನ್ನೇ ನಂಬಬೇಡಿ. ತುರ್ತು ಸನ್ನೆಯಿಂದಲೋ ಕಪ್ಲರನ್ನು ಒತ್ತಿಯೋ ಒಮ್ಮೆ ಬ್ರೇಕ್ ಹಿಡಿಸಿ ಪೂರ್ತಿ ಬಿಡಿ. ಗಾಲಿ ಬಿಗಿಯಾಗಿಯೇ ಉಳಿದರೆ ಕ್ಯಾಲಿಪರಿನಿಂದ ಎಣ್ಣೆ, ಗಾಳಿ ಹೊರಬಿಡುವ ಬ್ಲೀಡರ್ ಸ್ಕ್ರೂವನ್ನು ಕಾಲು ಸುತ್ತು ಬಿಚ್ಚಿ. ಎಣ್ಣೆ ಚಿಮ್ಮಿ ಗಾಲಿ ಸಡಿಲವಾದರೆ ಒತ್ತಡ ಸಿಕ್ಕಿಬಿದ್ದಿದೆ ಎಂದರ್ಥ. ಎಣ್ಣೆ ಚಿಮ್ಮದೆ ಗಾಲಿ ಬಿಗಿಯಾಗಿಯೇ ಇದ್ದರೆ ಪಿಸ್ಟನ್ ಅಥವಾ ಕ್ಯಾಲಿಪರ್ ಜಾರುವ ಪಿನ್‌ಗಳು ತುಕ್ಕು ಹಿಡಿದಿವೆ. ಕನ್ನಡಕ ಹಾಕಿಕೊಳ್ಳಿ, ಬ್ರೇಕ್ ಎಣ್ಣೆ ಕಣ್ಣಿಗೂ ಬಣ್ಣಕ್ಕೂ ಕೆಟ್ಟದ್ದು.

ನೀರದಾರಿ

ಚಿಮ್ಮಿತು! ಬಾಟಲಿಗೆ ಬಿಟ್ಟಿದ್ದ ಸಣ್ಣ ಕೊಳವೆಯಲ್ಲಿ ಕಂದು ಬಣ್ಣದ ಎಣ್ಣೆ ಸರ್ರನೆ ಹೋಯಿತು, ಗಾಲಿ ಒಂದೇ ಬೆರಳಿಗೆ ತಿರುಗಿತು. ಆಮೇಲೆ ನಾನೇ ಯೋಚಿಸಿ ಒಂದು ಹೆಜ್ಜೆ ಹಿಂದೆ ಹೋದೆ. ಸ್ಕ್ರೂ ಬಿಗಿದು ಮತ್ತೆ ಬ್ರೇಕ್ ಹಿಡಿಸಿ ಬಿಟ್ಟೆ, ಈ ಸಲ ಹೋಸ್ ಉಕ್ಕಿನ ಪೈಪಿಗೆ ಸೇರುವಲ್ಲಿ ಸಡಿಲಿಸಿದೆ. ಅಲ್ಲಿ ಒಂದು ಹನಿ ಒಸರಿತು ಅಷ್ಟೇ, ಗಾಲಿ ಬಿಗಿಯಾಗಿಯೇ ಉಳಿಯಿತು. ಅಂದರೆ ಒತ್ತಡ ಹೋಸಿನ ಒಳಗೇ ನಿಂತಿದೆ, ಸರಿಯೇ?

ಕಡಲಂಚು

ಬಹಳ ಸರಿ. ಹೋಸಿನ ಒಳಪದರ ಊದಿ ಕಳಚಿಕೊಂಡಿದೆ. ಬ್ರೇಕ್ ಹಿಡಿಯುವಾಗಿನ ದೊಡ್ಡ ಒತ್ತಡ ಅದನ್ನು ಸರಿಸಿಕೊಂಡು ಹೋಗುತ್ತದೆ, ವಾಪಸು ಬರುವ ಸಣ್ಣ ಒತ್ತಡಕ್ಕೆ ಆಗುವುದಿಲ್ಲ. ಹೊರಗಿನಿಂದ ನೋಡಿದರೆ ಹೊಸದರಂತೆಯೇ ಕಾಣುತ್ತದೆ. ಒಂದು ಹೋಗಿದ್ದರೆ ಇನ್ನೊಂದರ ವಯಸ್ಸೂ ಅಷ್ಟೇ, ಎರಡನ್ನೂ ಬದಲಿಸಿ. ಎಣ್ಣೆ ಕಂದಾಗಿದೆ ಎಂದರೆ ಹಳೆಯದಾಗಿ ನೀರು ಹೀರಿದೆ. ಎಲ್ಲವನ್ನೂ ಹೊರಹಾಕಿ ಸಿಲಿಂಡರಿನ ಮುಚ್ಚಳದ ಮೇಲೆ ಬರೆದಿರುವ ಎಣ್ಣೆಯನ್ನೇ ತುಂಬಿ, ಹೆಚ್ಚಾಗಿ ಡಾಟ್ 3 ಇರುತ್ತದೆ. ಸಿಲಿಕೋನ್ ಆಧಾರದ ಡಾಟ್ 5 ಅನ್ನು ಅದರೊಡನೆ ಬೆರೆಸಬಾರದು. ಗಾಳಿ ತೆಗೆಯುವಾಗ ಸಿಲಿಂಡರಿನಿಂದ ದೂರದ ಗಾಲಿಯಿಂದ ಆರಂಭಿಸಿ, ಆಗ ಸೊಲೆನಾಯ್ಡಿಗೆ ವಿದ್ಯುತ್ ಇರಬಾರದು.

ಎರಡಚ್ಚು

ನನ್ನ ಕಡೆಯಿಂದ ಸುದ್ದಿ. ಹಳೆಗಾಲಿ ಅವರು ಹೇಳಿದ್ದೇ ನಿಜ, ಗಿಡ್ಡ ಲೈನಿಂಗ್ ಎರಡೂ ಕಡೆ ಹಿಂದಕ್ಕಿತ್ತು. ಪ್ಲೇಟುಗಳನ್ನು ಅದಲುಬದಲು ಮಾಡಿ, ಗಾಲಿ ಸರಾಗವಾಗಿ ತಿರುಗುತ್ತ ಸಣ್ಣಗೆ ಉಜ್ಜುವ ಸದ್ದು ಬರುವಷ್ಟಕ್ಕೆ ಶೂ ಹೊಂದಿಸಿದೆ. ಈಗ ಹಿಂದಕ್ಕೂ ಹೋಗುತ್ತದೆ, ಮುಂದಕ್ಕೆ ಬ್ರೇಕೂ ಗಟ್ಟಿಯಾಗಿದೆ.

ಸರಳಮಾರ್ಗ

ಕಡಲಂಚು ಅವರ ಮಾತು ಮನಸ್ಸಿನಲ್ಲಿ ಕೂತಿತ್ತು. ನಿನ್ನೆ ಬೋಲ್ಟ್ ತೆಗೆದು ನೋಡಿದೆ. ನಿಮ್ಮ ಊಹೆಯಂತೆ ಎರಡೂ ಕ್ಯಾಲಿಪರುಗಳ ಪಿಸ್ಟನ್ ಅಲ್ಲಾಡುತ್ತಿಲ್ಲ. ಬದಲಿಸಲು ಹೇಳಿದ್ದೇನೆ, ಬರುವವರೆಗೆ ದೋಣಿ ಹೊರಗೆ ತೆಗೆಯುವುದಿಲ್ಲ.

ನೀರದಾರಿ (ಒಂದು ವಾರದ ನಂತರ)

ಎರಡೂ ಹೋಸ್ ಹೊಸದಾಗಿ ಹಾಕಿ, ಸ್ಪಷ್ಟವಾದ ಎಣ್ಣೆ ಬರುವ ತನಕ ಹಳೆಯದನ್ನು ಹೊರಹಾಕಿದೆ. ಬಿಚ್ಚಿದ ಎಡಗಡೆಯ ಹೋಸನ್ನು ಬಾಯಿಂದ ಊದಿ ಪರೀಕ್ಷಿಸುವುದು ಬೇಡವೆನ್ನಿಸಿ, ಉದ್ದಕ್ಕೆ ಸೀಳಿ ನೋಡಿದೆ. ಒಳಗೆ ರಬ್ಬರಿನ ಒಂದು ಎಸಳು ಎದ್ದು ನಾಲಿಗೆಯಂತೆ ಗಾಲಿಯ ಕಡೆಗೆ ಬಾಗಿತ್ತು. ಇವತ್ತು ಒಂದು ಗಂಟೆ ಓಡಿಸಿ ಎರಡೂ ಹಬ್ ಮುಟ್ಟಿ ನೋಡಿದೆ, ಸಮನಾಗಿ ಬೆಚ್ಚಗಿದ್ದವು. ಮನೆಯ ಏರಿನಲ್ಲಿ ಅರ್ಧ ಅಡಿ ಮುಂದಕ್ಕೆ ಎಳೆದು, 'ಟಕ್' ಕೇಳಿಸಿಕೊಂಡು ರಿವರ್ಸ್ ತೆಗೆದುಕೊಂಡೆ. ಜಲ್ಲಿಯ ಮೇಲೆ ಟೈರಿನ ಅಚ್ಚು ಮಾತ್ರ ಮೂಡಿದೆ.